ಮೊದಲು ಬಾಯಿಪಾಠ, ಆಮೇಲೆ ಕೀಟಲೆ: ಅಣಕವಾಡು ಬರೆಯುವ ದಾರಿ

ನಮ್ಮನೆಯಲ್ಲಿ ನಾಲ್ಕು ಜನ, ಐದು ಫೋನು, ಕೆಲಸ ಮಾಡುವ ಚಾರ್ಜರ್ ಮಾತ್ರ ಒಂದು. ತೆಗೆದುಕೊಂಡು ಹೋದವರು ವಾಪಸ್ ಇಡುವುದಿಲ್ಲ. ಒಂದು ದಿನ ಸಿಟ್ಟು ಬಂದು ಸಾಕೆಟ್ಟಿನ ಪಕ್ಕ ಚೀಟಿ ಅಂಟಿಸಿದೆ: "ಚಾರ್ಜರ್ ತೆಗೆದವರು ಇದೇ ಜಾಗದಲ್ಲಿ ಇಡತಕ್ಕದ್ದು." ಮೂರು ದಿನ ಅದು ಅಲ್ಲೇ ಇತ್ತು. ಯಾರೂ ಕಣ್ಣೆತ್ತಿ ನೋಡಲಿಲ್ಲ. ನಾಲ್ಕನೇ ದಿನ ಅದನ್ನು ಕಿತ್ತು ಬೇರೆ ಅಂಟಿಸಿದೆ.

ಧರಣಿ ಮಂಡಲ ಮಧ್ಯದೊಳಗೆ
ಮೆರೆಯುತಿಹ ನಮ್ಮನೆಯ ಹಾಲಲಿ
ಇರುವ ಒಂದೇ ಚಾರ್ಜರಿನ ಈ
ಪರಿಯ ನಾನೆಂತು ಪೇಳ್ವೆನು

ಹಲ್ಲುಜ್ಜುತ್ತಾ ಬಂದ ಮಗ ಅಲ್ಲೇ ನಿಂತ. ಬ್ರಷ್ಷು ಬಾಯಲ್ಲಿಟ್ಟುಕೊಂಡೇ ಎರಡು ಸಾಲು ಗುನುಗಿದ. ಆಮೇಲೆ ನಕ್ಕು ಪೇಸ್ಟ್ ಉಗುಳಲು ಓಡಿದ. ಮಾತು ಅದೇ. ಆದರೆ ಮೊದಲನೇ ಚೀಟಿಯಲ್ಲಿ ನಾನೊಬ್ಬಳೇ ಇದ್ದೆ. ಎರಡನೆಯದರಲ್ಲಿ ಕಾಳಿಂಗ ಗೊಲ್ಲ, ಪುಣ್ಯಕೋಟಿ, ಹುಲಿ, ಅವನ ನಾಲ್ಕನೇ ಕ್ಲಾಸಿನ ಟೀಚರು, ಎಲ್ಲರೂ ಸೇರಿ ಅವನನ್ನು ಗದರಿಸಿದ್ದರು.

ಅಣಕವಾಡಿನ ಬಲ ಇರುವುದು ಇದರಲ್ಲಿ. ಓದುಗರ ತಲೆಯಲ್ಲಿ ಆಗಲೇ ಒಂದು ಪಠ್ಯ ಕೂತಿರುತ್ತದೆ. ನೀವು ಅದರ ತುದಿ ಹಿಡಿದು ಎಳೆಯುತ್ತೀರಿ, ಅಷ್ಟೇ. ಉಳಿದದ್ದನ್ನು ಅವರೇ ತಂದುಕೊಳ್ಳುತ್ತಾರೆ. ತಲೆಯಲ್ಲಿ ಹಳೆಯ ಸಾಲು ಓಡುತ್ತಿರುತ್ತದೆ, ಕಣ್ಣ ಮುಂದೆ ಹೊಸದು ಇರುತ್ತದೆ. ಅವೆರಡೂ ಢಿಕ್ಕಿ ಹೊಡೆದಾಗ ನಗು ಬರುತ್ತದೆ. ಅರ್ಧ ಕೆಲಸ ತಾವೇ ಮಾಡಿದ್ದರಿಂದ ಅವರಿಗೆ ಒಂದು ಸಣ್ಣ ಜಂಬವೂ ಬರುತ್ತದೆ. ಆ ಜಂಬವೂ ನಗುವಿನ ಒಂದು ಪಾಲು.

ರಾಜ್ಯೋತ್ಸವದ ಸಭೆ, ಬೀಳ್ಕೊಡುಗೆ, ನಾಮಕರಣ, ಅಪಾರ್ಟ್‌ಮೆಂಟಿನ ಗಣೇಶ ಹಬ್ಬ ಅಂತ ನಾನು ಹೀಗೆ ಬರೆಯುತ್ತಾ ಬಂದಿದ್ದೇನೆ. ಚೆನ್ನಾಗಿ ಬಿದ್ದದ್ದೂ ಇದೆ, ನೆಲಕ್ಕೆ ಬಿದ್ದದ್ದೂ ಇದೆ. ಅದರಿಂದ ಕಲಿತದ್ದನ್ನು ಹೆಜ್ಜೆ ಹೆಜ್ಜೆಯಾಗಿ ಹೇಳುತ್ತೇನೆ.

ಶುರುವಿಗೆ ಮುಂಚೆ: ಇದು ಕದಿಯುವುದಲ್ಲ

"ಇನ್ನೊಬ್ಬರದನ್ನು ತಿರುಚುವುದು ಎಂಥ ಬರವಣಿಗೆ?" ಅಂತ ಕೆಲವರು ಮೂಗು ಮುರಿಯುತ್ತಾರೆ. ಅವರಿಗೆ ಕುಮಾರವ್ಯಾಸನನ್ನು ತೋರಿಸಿ. ಭಾರತ ಹೇಳಲು ಕೂತವನು ಶುರುವಿನಲ್ಲೇ ರಾಮಾಯಣದ ಕವಿಗಳ ಕಾಲೆಳೆಯುತ್ತಾನೆ. "ತಿಣಿಕಿದನು ಫಣಿರಾಯ ರಾಮಾಯಣದ ಕವಿಗಳ ಭಾರದಲಿ" ಎನ್ನುತ್ತಾನೆ. ಭೂಮಿ ಹೊತ್ತ ಆದಿಶೇಷನೇ ರಾಮಾಯಣ ಬರೆದವರ ಭಾರಕ್ಕೆ ಉಸ್ಸಪ್ಪಾ ಅಂದನಂತೆ! ಅಲ್ಲಿ ಕಾಲಿಡಲು ಜಾಗವೇ ಇಲ್ಲ, ಹಾಗಾಗಿ ನಾನು ಈ ಕಡೆ ಬಂದೆ ಎಂಬ ಸಬೂಬು. ಎಷ್ಟೋ ರಾಮಾಯಣಗಳು ಬಂದಿವೆ ಅಂತ ಗೊತ್ತಿದ್ದವರಿಗೆ ಮಾತ್ರ ಈ ಸಾಲು ನಗು ತರಿಸುತ್ತದೆ.

ಇನ್ನು ಟಿ. ಪಿ. ಕೈಲಾಸಂ. ಲಂಡನ್ನಿನಲ್ಲಿ ಭೂವಿಜ್ಞಾನ ಓದಿ ಬಂದ ಮನುಷ್ಯ. ಮೊದಲ ಮಹಾಯುದ್ಧದ ಹೊತ್ತಿಗೆ ಬ್ರಿಟಿಷ್ ಸೈನಿಕರ ಬಾಯಲ್ಲಿದ್ದ ಟಿಪ್ಪರರಿ ಹಾಡನ್ನು ಹಿಡಿದು 'ತಿಪ್ಪಾರಳ್ಳಿ' ಮಾಡಿದರು. ಐರ್ಲೆಂಡಿನ ಊರೊಂದು ನಮ್ಮ ಹಳ್ಳಿಯಾಗಿಬಿಟ್ಟಿತು. ಹೆಸರಿನ ಸದ್ದು ಹೇಗೆ ಕೂತಿದೆ ನೋಡಿ. 'ಕೋಳೀಕೆ ರಂಗ' ಕೂಡ ಇಂಗ್ಲಿಷ್ ಹಾಡಿನ ಧಾಟಿಯಲ್ಲೇ ಹುಟ್ಟಿದ್ದು. ಅಲ್ಲಿ ಕಾನ್‌ಸ್ಟಾಂಟಿನೋಪಲ್ ಎಂಬ ಊರಿನ ಹೆಸರಿನ ಅಕ್ಷರ ಬಿಡಿಸಿ ಹಾಡುತ್ತಾರೆ, ಇಲ್ಲಿ ಕೋಳೀಕೆ ರಂಗನ ಹೆಸರಿನ ಅಕ್ಷರ. ಇವತ್ತು ಈ ಹಾಡುಗಳನ್ನು ಹಾಡುವ ಬಹಳ ಜನಕ್ಕೆ ಮೂಲದ ಸುಳಿವೇ ಇಲ್ಲ. ಆದರೂ ನಗುತ್ತಾರೆ. ಇಂಥದ್ದು ಅಪರೂಪ. ನಾವು ಬರೆದದ್ದು ಮೂಲದ ಆಸರೆ ಇಲ್ಲದೆ ಒಂದು ದಿನವೂ ನಿಲ್ಲುವುದಿಲ್ಲ ಎಂದುಕೊಂಡೇ ಬರೆಯುವುದು ಕ್ಷೇಮ.

1942ರಲ್ಲಿ ಡಾ. ಎಂ. ಶಿವರಾಂ, ಅಂದರೆ ನಮ್ಮ 'ರಾಶಿ', ಕೊರವಂಜಿ ಶುರು ಮಾಡಿದರು. 1967ರವರೆಗೆ ನಡೆಯಿತು. ಅದರಲ್ಲಿ ಬರೆದ ನಾ. ಕಸ್ತೂರಿ 'ಅನರ್ಥಕೋಶ' ಬರೆದರು. ಪುಸ್ತಕದ ಹೆಸರೇ ಪಾಠ. ಅರ್ಥಕೋಶ ಎಂಬ ಗಂಭೀರ ಮಾತಿಗೆ 'ನ' ಒಂದೇ ಅಕ್ಷರ ಹೆಚ್ಚಿಗೆ ಬಂತು. ನಿಘಂಟಿನ ಇಡೀ ಮರ್ಯಾದೆ ತಲೆಕೆಳಗಾಯಿತು.

ಹೆಜ್ಜೆ 1: ಎದುರಿಗಿರುವವರು ಯಾರು?

ಜಾಸ್ತಿ ಜನ ಇಲ್ಲೇ ಎಡವುವುದು. ನಾನೂ ಎಡವಿದ್ದೇನೆ.

ಹಿಂದೆ ಕೆಲಸ ಮಾಡುತ್ತಿದ್ದ ಒಂದು ಆಫೀಸಿನಲ್ಲಿ ಸಹೋದ್ಯೋಗಿಯೊಬ್ಬರ ಬೀಳ್ಕೊಡುಗೆ. ಶಾಲೆಯಲ್ಲಿ ಓದಿದ್ದ ಪದ್ಯವೊಂದನ್ನು ತಿರುಚಿ, ಪ್ರಾಸ ಗೀಸ ಎಲ್ಲ ಕೂಡಿಸಿ, ಭಾರಿ ಉಮೇದಿನಿಂದ ಓದಿದೆ. ಹಾಲ್ ತುಂಬ ಜನ. ಯಾರ ಮುಖದಲ್ಲೂ ಒಂದು ಗೆರೆ ಅಲುಗಲಿಲ್ಲ. ಅರ್ಧ ಜನ ಬೇರೆ ರಾಜ್ಯದವರು. ಇನ್ನರ್ಧ ಜನ ಇಲ್ಲಿಯವರೇ, ಆದರೆ ಕನ್ನಡವನ್ನು ಮೂರನೇ ಭಾಷೆಯಾಗಿ ಓದಿದವರು. ನಾನು ಮತ್ತೂ ದೊಡ್ಡ ತಪ್ಪು ಮಾಡಿದೆ. ನಿಂತು ಮೂಲ ಪದ್ಯದ ಅರ್ಥ ವಿವರಿಸಿದೆ. ಹಿಂದುಗಡೆ ಟೀ ಹಂಚಲು ನಿಂತಿದ್ದ ಅಣ್ಣ ಒಬ್ಬರೇ ಬಾಯಿಗೆ ಟವೆಲ್ ಅಡ್ಡ ಹಿಡಿದು ನಗುತ್ತಿದ್ದರು.

ಅದೇ ಬರಹದಲ್ಲಿ ಒಂದು ಕಡೆ ಮ್ಯಾನೇಜರನ್ನು ಉತ್ತರಕುಮಾರನಿಗೆ ಹೋಲಿಸಿದ್ದೆ. ಕ್ಯಾಂಟೀನಿನಲ್ಲಿ ಗುಡುಗುತ್ತಾರೆ, ಕ್ಲೈಂಟ್ ಮುಂದೆ ಮ್ಯೂಟ್ ಆಗುತ್ತಾರೆ ಅಂತ. ನಮ್ಮಲ್ಲಿ 'ಉತ್ತರನ ಪೌರುಷ ಒಲೆಯ ಮುಂದೆ' ಅಂತ ಗಾದೆಯೇ ಇದೆ ಅಲ್ವಾ? ಅಲ್ಲಿ ಮಾತ್ರ ಆಂಧ್ರದ ಹುಡುಗಿಯರಿಬ್ಬರು ಕಿಸಕ್ಕೆಂದರು. ಅವರ ಕಡೆಯೂ ಉತ್ತರಕುಮಾರ ಅಂದರೆ ಬಡಾಯಿಕೋರ ಅಂತಲೇ.

ಆವತ್ತಿನಿಂದ ನಾನು ನಮ್ಮ ಸಾಮಾನನ್ನು ಬೇರೆ ಬೇರೆ ಡಬ್ಬಿಗಳಲ್ಲಿ ಇಟ್ಟುಕೊಂಡಿದ್ದೇನೆ. ರಾಮಾಯಣ, ಮಹಾಭಾರತದ ಪಾತ್ರಗಳು ಭಾಷೆ ದಾಟಿ ಹೋಗುತ್ತವೆ. ಕುಂಭಕರ್ಣನ ನಿದ್ದೆ, ಲಕ್ಷ್ಮಣರೇಖೆ, ತ್ರಿಶಂಕು ಇವಕ್ಕೆ ಅನುವಾದ ಬೇಡ. ಗಾದೆಗಳು ಮನೆಯಲ್ಲಿ ಕನ್ನಡ ಮಾತಾಡುವ ಎಲ್ಲರಿಗೂ ಸಿಗುತ್ತವೆ, ಅಮೆರಿಕದಲ್ಲಿ ಬೆಳೆದ ನಮ್ಮ ಅಕ್ಕನ ಮಕ್ಕಳಿಗೂ ಹತ್ತಾರು ಬರುತ್ತವೆ. ವಚನ, ಸರ್ವಜ್ಞ, ದಾಸರ ಪದ, ಗೋವಿನ ಹಾಡು ಶಾಲೆ ಅಥವಾ ಅಜ್ಜಿ ಇವರಲ್ಲಿ ಒಬ್ಬರಾದರೂ ಸಿಕ್ಕವರಿಗೆ ಗೊತ್ತು. ಪಠ್ಯಪುಸ್ತಕದ ಪದ್ಯ ಮಾತ್ರ ತುಂಬ ಕಿರಿದಾದ ಡಬ್ಬಿ. ಪಠ್ಯ ಬದಲಾದ ಹಾಗೆ ಪದ್ಯವೂ ಬದಲಾಗುತ್ತದೆ. ನನಗಿಂತ ಹತ್ತು ವರ್ಷ ಚಿಕ್ಕವರು ಬೇರೆಯದೇ ಪದ್ಯ ಓದಿರುತ್ತಾರೆ.

ಪರೀಕ್ಷೆ ಸುಲಭ. ಮೂಲದ ಮೊದಲ ಮೂರು ಪದ ಹೇಳಿ ನಿಲ್ಲಿಸಿ. ಎದುರಿನವರು ಮುಂದುವರಿಸಿದರೆ ಅದು ನಿಮ್ಮ ಸಾಮಾನು. "ಯಾವುದು ಅದು?" ಎಂದರೆ ಬಿಟ್ಟುಬಿಡಿ, ಎಷ್ಟೇ ಚೆನ್ನಾಗಿದ್ದರೂ ಸರಿ.

ಹೆಜ್ಜೆ 2: ಮೂಲವನ್ನು ಬಾಯಿಪಾಠ ಮಾಡಿ, ಬೆರಳಲ್ಲಿ ಎಣಿಸಿ

ನನಗಿದು ಎಲ್ಲಕ್ಕಿಂತ ಮುಖ್ಯ. ಅರ್ಧಂಬರ್ಧ ನೆನಪಿನಿಂದ ಬರೆದ ಅಣಕ ಅರ್ಧಂಬರ್ಧವೇ ಆಗುತ್ತದೆ. ಮೂಲವನ್ನು ಜೋರಾಗಿ ಹತ್ತು ಸಲ ಓದಿ. ಆಮೇಲೆ ಅದು ಯಾವ ಮೊಳೆಯ ಮೇಲೆ ತೂಗುತ್ತಿದೆ ಅಂತ ಹುಡುಕಿ.

ಗೋವಿನ ಹಾಡನ್ನೇ ನೋಡೋಣ. ಮಾತ್ರೆ ಎಣಿಸುವುದು ಶಾಲೆಯಲ್ಲಿ ಕಲಿತದ್ದು ನೆನಪಿದೆಯಾ? ಲಘುವಿಗೆ ಒಂದು, ಗುರುವಿಗೆ ಎರಡು. ದೀರ್ಘ ಬಂದರೆ, ಮುಂದೆ ಒತ್ತಕ್ಷರ ಇದ್ದರೆ, ಅನುಸ್ವಾರ ಇದ್ದರೆ ಗುರು. 'ಧರಣಿ' ಮೂರು, 'ಮಂಡಲ' ನಾಲ್ಕು. ಇಡೀ ಹಾಡು ಹೆಚ್ಚುಕಡಿಮೆ ಈ ಮೂರು-ನಾಲ್ಕು, ಮೂರು-ನಾಲ್ಕು ನಡೆಯಲ್ಲೇ ಹೋಗುತ್ತದೆ. ಕೊನೆಯ ಸಾಲು ಮೊಟಕು. ಇನ್ನೊಂದು ಮೊಳೆ ಪ್ರಾಸ. ಅದು ಸಾಲಿನ ಕೊನೆಯಲ್ಲಿಲ್ಲ, ಶುರುವಿನ ಎರಡನೇ ಅಕ್ಷರದಲ್ಲಿದೆ. ಧ*ರ*ಣಿ, ಮೆ*ರೆ*ಯುತಿಹ, ಇ*ರು*ವ, ಪ*ರಿ*ಯ. ಎಲ್ಲದರಲ್ಲೂ 'ರ'ಕಾರ.

ಈಗ ನನ್ನ ಚೀಟಿಗೆ ಬನ್ನಿ. 'ಮೆರೆಯು' ಮೂರು, 'ತಿಹ ನಮ್' ನಾಲ್ಕು, 'ಮನೆಯ' ಮೂರು, 'ಹಾಲಲಿ' ನಾಲ್ಕು. ಮೂರನೇ ಸಾಲಿನಲ್ಲಿ 'ಇರುವ' ಮೂರು, 'ಒಂದೇ' ನಾಲ್ಕು, 'ಚಾರ್ಜ' ಮೂರು, 'ರಿನ ಈ' ನಾಲ್ಕು. ಎರಡನೇ ಅಕ್ಷರದ 'ರ' ನಾಲ್ಕೂ ಕಡೆ ಉಳಿಯಿತು. ಮಗ ಬ್ರಷ್ಷು ಬಾಯಲ್ಲಿಟ್ಟುಕೊಂಡೇ ಹಾಡಲು ಆದದ್ದು ಈ ಲೆಕ್ಕದಿಂದ. ಒಂದು ಮಾತ್ರೆ ಹೆಚ್ಚಾಗಿದ್ದರೂ ಅವನ ನಾಲಗೆ ತಡವರಿಸುತ್ತಿತ್ತು. ನಾಲಗೆ ತಡವರಿಸಿದರೆ ನಗು ಬರಲ್ಲ.

'ಹಾಲಲಿ' ಎಂಬಲ್ಲಿ ಹಸುವಿನ ಹಾಲೂ ಇದೆ, ನಮ್ಮನೆ ಹಾಲೂ ಇದೆ. ಅದು ನಾನು ಯೋಚಿಸಿ ಇಟ್ಟದ್ದಲ್ಲ. ಅಂಟಿಸಿದ ಮೇಲೆ ಕಾಣಿಸಿತು. ಮೂಲವನ್ನು ಗಟ್ಟಿಯಾಗಿ ಹಿಡಿದರೆ ಇಂಥ ಕೊಸರು ಪುಕ್ಕಟೆ ಸಿಗುತ್ತದೆ.

ಗದ್ಯಕ್ಕೂ ಮೊಳೆ ಇರುತ್ತದೆ. ಹಳೆಯ ಕಾಗದಕ್ಕೆ "ಇತ್ತ ಕ್ಷೇಮ". ರಜೆ ಅರ್ಜಿಗೆ "ಈ ಮೂಲಕ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ". ಲಗ್ನಪತ್ರಿಕೆಗೆ "ಆಗಮಿಸಿ ವಧೂವರರನ್ನು ಆಶೀರ್ವದಿಸಬೇಕಾಗಿ". ಸುತ್ತೋಲೆಗೆ "ಸೂಚಿಸಲಾಗಿದೆ" ಎಂಬ ಯಾರು ಸೂಚಿಸಿದರೆಂದು ತಿಳಿಯದ ಆ ಕ್ರಿಯಾಪದ. ಪದ್ಯ ಬರೆಯಲು ಅಂಜುವವರು ಈ ನಮೂನೆಗಳಿಂದ ಶುರು ಮಾಡಿ. ಬೆಕ್ಕು ಮನೆಯ ಯಜಮಾನನಿಗೆ ಹೊರಡಿಸಿದ ಸುತ್ತೋಲೆ ಅಂತ ಬರೆದು ನೋಡಿ: "ಬೆಳಗಿನ ಹಾಲು ವಿಳಂಬವಾಗುತ್ತಿರುವುದು ಗಮನಕ್ಕೆ ಬಂದಿರುತ್ತದೆ. ಸೋಫಾದ ಬಲಭಾಗವನ್ನು ತಕ್ಷಣದಿಂದ ಜಾರಿಗೆ ಬರುವಂತೆ ತೆರವುಗೊಳಿಸಲು ಸೂಚಿಸಲಾಗಿದೆ." ಛಂದಸ್ಸು ಬೇಡ. ಆ ದನಿ ಸಿಕ್ಕರೆ ಸಾಕು.

ಹೆಜ್ಜೆ 3: ದೊಡ್ಡದಕ್ಕೆ ಚಿಕ್ಕದನ್ನು ಗಂಟು ಹಾಕಿ, ಆದರೆ ಒಳಗೊಂದು ನಿಜವಾದ ನಂಟಿರಲಿ

ಮೂಲ ಎಷ್ಟು ಗಂಭೀರವೋ ನಿಮ್ಮ ವಿಷಯ ಅಷ್ಟು ಕ್ಷುಲ್ಲಕವಾಗಿರಲಿ. ಸತ್ಯಕ್ಕಾಗಿ ಪ್ರಾಣ ಕೊಡಲು ಹೊರಟ ಹಸು ಒಂದು ಕಡೆ, ಚಾರ್ಜರ್ ಇನ್ನೊಂದು ಕಡೆ. ಎತ್ತರದಿಂದ ಬಿದ್ದರೇ ಸದ್ದು.

ಆದರೆ ಎತ್ತರ ಒಂದೇ ಸಾಲದು. ಗೋವಿನ ಹಾಡನ್ನು ನಾನು ಯಾಕೆ ಆರಿಸಿದೆ? ಅದು "ಹೋಗಿ ಬರ್ತೀನಿ, ಮಾತು ತಪ್ಪಲ್ಲ" ಎಂಬುದರ ಕತೆ. ಚಾರ್ಜರಿನದೂ ಅದೇ ಕತೆ. ಒಯ್ದವನು ವಾಪಸ್ ತರುತ್ತಾನೋ ಇಲ್ಲವೋ? ಆ ನಂಟು ಇದ್ದದ್ದರಿಂದ ಮುಂದಿನ ಪದ್ಯ ತಾನಾಗಿಯೇ ಬಂತು. ಮಗನ ಬಾಯಲ್ಲಿ ಹೇಳಿಸಿದೆ:

ಕೊಟ್ಟ ಭಾಷೆಗೆ ತಪ್ಪಲಾರೆನು
ಬಿಟ್ಟು ಕೊಡುವೆನು ನೂರು ಆದರೆ
ಇಟ್ಟ ಜಾಗದೊಳಿಡುವೆನಮ್ಮಾ
ಕಟ್ಟಕಡೆಗಿದು ಖಂಡಿತ

ಮೊದಲ ಸಾಲು, ಕೊನೆಯ ಸಾಲು ಎರಡೂ ಮೂಲದ್ದೇ. ಒಂದಕ್ಷರ ಮುಟ್ಟಿಲ್ಲ. ನಡುವಿನ ಎರಡೇ ಸಾಲು ನನ್ನವು. ಬ್ಯಾಟರಿ ನೂರಕ್ಕೆ ಏರಿದ ಮೇಲೆ ಬಿಡುತ್ತೇನೆ ಎನ್ನುವುದು ನಮ್ಮನೆಯ ಹಳೇ ಸುಳ್ಳು.

ನಂಟು ಸಿಕ್ಕ ಮೇಲೆ ಮೂಲದ ಕತೆಯ ಉಳಿದ ಪಾತ್ರಗಳನ್ನೂ ಒಂದೊಂದಾಗಿ ಕೂರಿಸಿ ನೋಡಿ. ಕರು ಯಾರು? ದೊಡ್ಡಿ ಯಾವುದು? ಹುಲಿ ಪ್ರಾಣ ಬಿಡುವ ಕಡೆ ಏನು? ನಮ್ಮಲ್ಲಿ ಫೋನು ಪ್ರಾಣ ಬಿಡುತ್ತದೆ. ಮೂರಕ್ಕಿಂತ ಜಾಸ್ತಿ ಪಾತ್ರ ಕೂತರೆ ಪೂರ್ತಿ ಹಾಡು ಬರೆಯಬಹುದು. ಒಂದೇ ಕೂತರೆ ನಾಲ್ಕು ಸಾಲಿಗೆ ನಿಲ್ಲಿಸಿ. ಬಹಳ ಅಣಕವಾಡುಗಳು ಎರಡನೇ ಪದ್ಯದಲ್ಲಿ ಸೊರಗುವುದು ಇದೇ ಕಾರಣಕ್ಕೆ. ಮೊದಲ ಪದ್ಯದಲ್ಲೇ ಇದ್ದ ಒಂದು ನಂಟು ಖರ್ಚಾಗಿರುತ್ತದೆ.

ಹೆಜ್ಜೆ 4: ಎಷ್ಟು ಕಡಿಮೆ ಮುಟ್ಟುತ್ತೀರೋ ಅಷ್ಟು ಒಳ್ಳೆಯದು

ಹೊಸಬರು ಎಲ್ಲ ಪದ ಬದಲಾಯಿಸುತ್ತಾರೆ. ಆಗ ಮೂಲ ಯಾವುದು ಅಂತಲೇ ತಿಳಿಯುವುದಿಲ್ಲ. ಸರ್ವಜ್ಞನ ಈ ತ್ರಿಪದಿ ಎಲ್ಲರಿಗೂ ಗೊತ್ತು:

ಸಾಲವನು ಕೊಂಬಾಗ ಹಾಲೋಗರುಂಡಂತೆ
ಸಾಲಿಗರು ಬಂದು ಎಳೆವಾಗ ಕಿಬ್ಬದಿಯ
ಕೀಲು ಮುರಿದಂತೆ ಸರ್ವಜ್ಞ

ದಿನದ ಡೇಟಾ ಸಂಜೆ ಆರಕ್ಕೇ ಮುಗಿಸಿ ಮುಖ ಸಪ್ಪೆ ಮಾಡಿಕೊಂಡವರಿಗೆ ನಾನು ಹೇಳುವುದು:

ರೀಲುಗಳ ನೋಳ್ಪಾಗ ಹಾಲೋಗರುಂಡಂತೆ
ಖಾಲಿಯಾಯ್ತೆಂದು ಬರುವಾಗ ಕಿಬ್ಬದಿಯ
ಕೀಲು ಮುರಿದಂತೆ ಸರ್ವಜ್ಞ

'ನೋಡುವಾಗ' ಎಂದು ಬರೆದಿದ್ದೆ. ಒಂದು ಮಾತ್ರೆ ಹೆಚ್ಚಾಯಿತು. 'ನೋಳ್ಪಾಗ' ಎಂದೆ. ಹಳಗನ್ನಡದ ಆ ಒಂದು ಪದ 'ಕೊಂಬಾಗ'ದ ಜಾಗದಲ್ಲಿ ಠೀವಿಯಿಂದ ಕೂತಿತು. 'ರೀಲುಗಳ' ಪಕ್ಕದಲ್ಲಿ ಅದು ಕೂತದ್ದು ನೋಡಿ ನನಗೇ ನಗು ಬಂತು.

ಗಾದೆಯಲ್ಲಿ ಒಂದೆರಡು ಪದ ಬದಲಾದರೆ ಸಾಕು. "ಮೀಟಿಂಗಿಗೆ ಬರಲಾರದವನು ನೆಟ್‌ವರ್ಕ್ ಡೊಂಕು ಅಂದನಂತೆ." ಆದರೆ ಇದಕ್ಕಿಂತ ಮೇಲಿನದು ಒಂದಿದೆ. ಏನೂ ಬದಲಾಯಿಸದೆ ಜಾಗ ಮಾತ್ರ ಬದಲಿಸುವುದು. ಒಬ್ಬನೇ ಇರುವ ತಮ್ಮ ಮೊದಲ ಸಲ ಉಪ್ಪಿಟ್ಟು ಮಾಡಿ ಫೋಟೋ ಕಳಿಸಿದ. ಬಣ್ಣ ನೋಡಿದರೇ ಭಯವಾಗುತ್ತಿತ್ತು. ನಮ್ಮಮ್ಮ ಉತ್ತರ ಬರೆದರು: "ಮಾಡಿದ್ದುಣ್ಣೋ ಮಹರಾಯ." ಕರ್ಮಸಿದ್ಧಾಂತದ ಗಾದೆ, ಅಕ್ಷರ ಹಾಗೇ ಇದೆ, ಅರ್ಥ ಮಾತ್ರ ಉಪ್ಪಿಟ್ಟಿನ ಬಾಣಲೆಗೆ ಇಳಿದಿದೆ. ನಾನು ವರ್ಷಗಟ್ಟಲೆ ಬರೆದರೂ ಇದನ್ನು ಮೀರಿಸಲು ಆಗಿಲ್ಲ.

ಮುದ್ದಣನ ಮನೋರಮೆಯನ್ನೂ ಹೀಗೇ ಕರೆತರಬಹುದು. ಶ್ರೀರಾಮಾಶ್ವಮೇಧದಲ್ಲಿ ಗಂಡ ಸಂಸ್ಕೃತ ತುಂಬಿದ ಕನ್ನಡದಲ್ಲಿ ಶುರು ಹಚ್ಚಿದರೆ, ಅವಳು "ನೀರಿಳಿಯದ ಗಂಟಲೊಳ್ ಕಡುಬಂ ತುರುಕಿದಂತಾಯ್ತು" ಎನ್ನುತ್ತಾಳೆ. ಮುದ್ದಣ ತೀರಿಕೊಂಡದ್ದು 1901ರಲ್ಲಿ. ಆದರೆ ಮೊನ್ನೆ ಒಂದು ಆ್ಯಪಿನ ಕನ್ನಡದಲ್ಲಿ "ತಮ್ಮ ದೃಢೀಕರಣವು ಅಪೂರ್ಣಗೊಳ್ಳಲ್ಪಟ್ಟಿದೆ" ಎಂದು ಬಂದಾಗ, ಮನೋರಮೆ ನನ್ನ ಪಕ್ಕದಲ್ಲೇ ಕೂತಂತಾಯಿತು. ಸ್ಕ್ರೀನಿನ ಫೋಟೋ ತೆಗೆದು ಕೆಳಗೆ ಅವಳ ಮಾತು ಹಾಕಿ ಗೆಳತಿಯರಿಗೆ ಕಳಿಸಿದೆ. ನನ್ನದು ಅಂತ ಒಂದು ಪದವೂ ಇರಲಿಲ್ಲ.

ಹೆಜ್ಜೆ 5: ವಿವರಿಸಬೇಡಿ

ಮೇಲೆ ಹೇಳಿದ ಬೀಳ್ಕೊಡುಗೆ ಸಾಕಲ್ಲ. ಅಣಕದ ಕೆಳಗೆ "ಗೋವಿನ ಹಾಡಿನ ಧಾಟಿಯಲ್ಲಿ" ಎಂದು ಬರೆಯುವುದೂ ನನಗೆ ಇಷ್ಟವಿಲ್ಲ. ಕಚಗುಳಿ ಇಡುವ ಮುಂಚೆ ನೋಟಿಸ್ ಕೊಟ್ಟ ಹಾಗೆ ಅದು.

ಹೆಜ್ಜೆ 6: ಯಾರನ್ನು ನೋಡಿ ನಗುತ್ತಿದ್ದೀರಿ?

ಬರೆದು ಮುಗಿಸಿದ ಮೇಲೆ ಇದನ್ನು ಕೇಳಿಕೊಳ್ಳಿ. ಮೂಲವನ್ನು *ಬಳಸಿ* ಇನ್ನೊಂದನ್ನು ನೋಡಿ ನಗುವುದು ಬೇರೆ. ಮೂಲವನ್ನೇ ನೋಡಿ ನಗುವುದು ಬೇರೆ. ನನ್ನ ಚಾರ್ಜರ್ ಪದ್ಯದಲ್ಲಿ ಪುಣ್ಯಕೋಟಿಗೆ ಅವಮಾನವಿಲ್ಲ. ನಗೆಪಾಟಲಾಗುವುದು ನಮ್ಮನೆಯವರೇ. ಮೂಲದ ಎತ್ತರ ಹಾಗೇ ಉಳಿದಿದೆ. ನಿಜ ಹೇಳಬೇಕೆಂದರೆ ಅದು ಉಳಿದರೇ ನಮ್ಮ ಕುಳ್ಳತನ ಕಾಣುವುದು.

ಕೆಲವರು ಇಲ್ಲಿ ಗೆರೆ ತಪ್ಪುತ್ತಾರೆ. ಭಕ್ತಿಯ ಪದವನ್ನು ಹಿಡಿದು ಒಬ್ಬರ ಜಾತಿ, ಬಣ್ಣ, ಮೈಕಟ್ಟು ಆಡಿಕೊಳ್ಳುತ್ತಾರೆ. ಅದನ್ನು ಹಾಸ್ಯ ಅಂತ ನಾನು ಒಪ್ಪುವುದಿಲ್ಲ.

ವಚನಗಳ ವಿಷಯದಲ್ಲಿ ಇನ್ನೂ ಹುಷಾರಾಗಿರಿ. "ಉಳ್ಳವರು ಶಿವಾಲಯವ ಮಾಡುವರು" ಎಂಬ ಧಾಟಿಯಲ್ಲಿ "ಉಳ್ಳವರು ಡೂಪ್ಲೆಕ್ಸು ಕಟ್ಟುವರು, ನಾನೇನ ಮಾಡಲಿ ಬಾಡಿಗೆಯವನಯ್ಯಾ" ಎನ್ನಬಹುದು. ಇಲ್ಲಿ ಪೆಟ್ಟು ಬೀಳುವುದು ದುಡ್ಡಿಗೆ. ಮೂಲದಲ್ಲೂ ಪೆಟ್ಟು ಅಲ್ಲಿಗೇ. ಆದರೆ ಅಂಕಿತವನ್ನು ಮುಟ್ಟಬೇಡಿ. ಅಂಕಿತ ಎಂದರೆ ಸುಮ್ನೆ ಸಹಿ ಅಲ್ಲ, ಅದು ಕೋಟ್ಯಂತರ ಜನರ ದೇವರ ಹೆಸರು. ತಮಾಷೆಯೇ ಅಲ್ಲದ ಒಂದು ಪ್ರಸಂಗ ನೆನಪಿಸುತ್ತೇನೆ. ಮಾತೆ ಮಹಾದೇವಿಯವರು 'ಬಸವ ವಚನ ದೀಪ್ತಿ'ಯಲ್ಲಿ 'ಕೂಡಲಸಂಗಮದೇವ' ಎಂಬಲ್ಲಿ 'ಲಿಂಗದೇವ' ಎಂದು ಹಾಕಿದ್ದರು. ಸರ್ಕಾರ 1998ರಲ್ಲಿ ಪುಸ್ತಕ ನಿಷೇಧಿಸಿತು. ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು. 2017ರಲ್ಲಿ ಅಲ್ಲಿಯೂ ನಿಷೇಧ ಉಳಿಯಿತು. ಭಕ್ತಿಯಿಂದ ಬದಲಾಯಿಸಿದರೂ ಹೀಗಾದ ಮೇಲೆ, ಕೀಟಲೆಗೆ ಬದಲಾಯಿಸುವವರು ಎರಡು ಸಲ ಯೋಚಿಸಬೇಕು. ಸರ್ವಜ್ಞನ ಹೆಸರು ಇಟ್ಟುಕೊಳ್ಳಲು ನನಗೆ ಧೈರ್ಯ ಬರುತ್ತದೆ. ವಚನಕಾರರ ಅಂಕಿತಕ್ಕೆ ಬರುವುದಿಲ್ಲ. ಕೊನೆಯ ಸಾಲನ್ನು ಖಾಲಿ ಬಿಡುತ್ತೇನೆ.

ಹೆಜ್ಜೆ 7: ಕಾನೂನಿನ ಕಡೆ ಒಂದು ಕಣ್ಣು

ಮನೆ ಗೋಡೆಗೆ ಅಂಟಿಸಲು ಯಾರ ಅಪ್ಪಣೆಯೂ ಬೇಡ. ಪುಸ್ತಕ ಮಾಡುವುದಾದರೆ, ದುಡ್ಡು ತಗೊಂಡು ಕಾರ್ಯಕ್ರಮ ಕೊಡುವುದಾದರೆ ಯೋಚಿಸಿ. ನಮ್ಮ 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ, ಲೇಖಕರು ತೀರಿಕೊಂಡ ವರ್ಷ ಮುಗಿದ ಮೇಲೆ 60 ವರ್ಷ ಹಕ್ಕು ಉಳಿಯುತ್ತದೆ. ಕೈಲಾಸಂ ತೀರಿಕೊಂಡದ್ದು 1946ರಲ್ಲಿ, ಹಾಗಾಗಿ ಅವರ ಬರಹ ಈಗ ಎಲ್ಲರದು. ಡಿವಿಜಿ 1975ರಲ್ಲಿ ಹೋದರು, ಅವರ ಬರಹಕ್ಕೆ 2035ರ ಕೊನೆಯವರೆಗೆ ಹಕ್ಕು ಇದೆ. ಕುವೆಂಪು 1994, ಅಂದರೆ 2054. ವಚನ, ದಾಸರ ಪದ, ಸರ್ವಜ್ಞ, ಗೋವಿನ ಹಾಡು, ಗಾದೆಗಳಿಗೆ ಈ ತಲೆನೋವಿಲ್ಲ.

ವಿಮರ್ಶೆಗಾಗಿ ನ್ಯಾಯವಾಗಿ ಬಳಸಬಹುದು ಎಂದು ಕಾಯ್ದೆಯ 52ನೇ ಸೆಕ್ಷನ್ ಹೇಳುತ್ತದೆ. ಅಣಕವಾಡು ಎಂಬ ಹೆಸರು ಹಿಡಿದು ಅಲ್ಲಿ ಏನೂ ಹೇಳಿಲ್ಲ. ಟಿಕೆಟ್ ಇಲ್ಲದೆ ಹವ್ಯಾಸಿ ಸಂಘದವರು ಪ್ರದರ್ಶಿಸುವುದಕ್ಕೂ ಅದೇ ಸೆಕ್ಷನ್ನಿನಲ್ಲಿ ರಿಯಾಯಿತಿ ಇದೆ. ಸಿನಿಮಾ ಹಾಡಾದರೆ ಸಾಹಿತ್ಯಕ್ಕೆ ಬೇರೆ ಹಕ್ಕು, ರಾಗಕ್ಕೆ ಬೇರೆ ಹಕ್ಕು. ಸಾಲುಗಳೆಲ್ಲ ನಿಮ್ಮವೇ ಆದರೂ ಧಾಟಿ ನಿಮ್ಮದಲ್ಲ. ದೊಡ್ಡ ಕೆಲಸವಾದರೆ ವಕೀಲರನ್ನು ಕೇಳಿ. ನಾನು ವಕೀಲಳಲ್ಲ, ಸುಮ್ನೆ ಚೀಟಿ ಅಂಟಿಸುವವಳು.

ಹೆಜ್ಜೆ 8: ಓದುವಾಗ

ಸಭೆಯಲ್ಲಿ ಓದುವುದಾದರೆ ಮೂಲದ ಸಾಲನ್ನು ಪೂರ್ತಿ ಗಂಭೀರವಾಗಿ ಹೇಳಿ. ಗಮಕ ಬರುತ್ತಿದ್ದರೆ ಗಮಕದಲ್ಲೇ ಹೇಳಿ. ತಾವೇ ಮೊದಲು ನಕ್ಕವರ ಜೋಕಿಗೆ ಸಭೆ ನಗುವುದಿಲ್ಲ. ಬದಲಾದ ಪದ ಬರುವ ಮುಂಚೆ ಒಂದು ಚೂರು ನಿಲ್ಲಿ, ಜಾಸ್ತಿ ಅಲ್ಲ, ಒಂದು ಉಸಿರಿನಷ್ಟು. ಆ ಉಸಿರಿನಲ್ಲಿ ಕೇಳುವವರು ಹಳೆಯ ಪದವನ್ನು ಮನಸ್ಸಿನಲ್ಲೇ ಹೇಳಿಕೊಂಡಿರುತ್ತಾರೆ. ಆಗ ಹೊಸದನ್ನು ಹಾಕಿ.

ಯಕ್ಷಗಾನದ ಹಾಸ್ಯಗಾರರನ್ನು ನೋಡಿ ಕಲಿಯಿರಿ. ರಾಜನ ದೂತನಾಗಿ ಬಂದವನು ಪುರಾಣದ ನಡುವೆ ಇದ್ದಕ್ಕಿದ್ದಂತೆ ಬಸ್ಸಿನ ಮಾತೆತ್ತುತ್ತಾನೆ. ಆದರೆ ಅವನ ನಿಲುವು ಮಾತ್ರ ದೂತನದೇ. ರಾಜನಂತೂ ಮೀಸೆಯ ಒಂದು ಕೂದಲೂ ಅಲುಗಿಸುವುದಿಲ್ಲ. ಅವನು ಅಲುಗದೆ ಇರುವುದರಿಂದಲೇ ಇವನ ಮಾತಿಗೆ ನಗು.

ಕೊನೆಯ ಸಾಲನ್ನು ಸಭೆಗೇ ಬಿಟ್ಟರೆ ಇನ್ನೂ ಚೆನ್ನ. ನೀವು ಮೂರು ಸಾಲು ಹೇಳಿ ಕೈ ಮುಂದೆ ಮಾಡಿ. ಅವರೇ "ಕಟ್ಟಕಡೆಗಿದು ಖಂಡಿತ" ಎನ್ನುತ್ತಾರೆ.

ನಮ್ಮನೆಯ ಚೀಟಿಯ ಕತೆ ಅರ್ಧಕ್ಕೆ ಬಿಟ್ಟೆ. ಎರಡನೇ ಪದ್ಯ ಅಂಟಿಸಿದ ವಾರ ಒಂದು ಸಂಜೆ ಆಫೀಸಿನಿಂದ ಬಂದು ಚಾರ್ಜರ್ ಇಲ್ಲದ್ದು ನೋಡಿ ಜೋರಾಗಿಯೇ ಕೂಗಾಡಿದೆ. ಮಗ ರೂಮಿನಿಂದ ಮಾತಾಡಲಿಲ್ಲ. ಊಟ ಮುಗಿಸಿ ಬಂದಾಗ ಚಾರ್ಜರ್ ಸಾಕೆಟ್ಟಿನಲ್ಲಿತ್ತು. ಕೇಬಲ್ಲನ್ನು ನೀಟಾಗಿ ಸುತ್ತಿ ರಬ್ಬರ್‌ಬ್ಯಾಂಡ್ ಹಾಕಿದ್ದ. ನನ್ನ ಎರಡು ಪದ್ಯಗಳ ಕೆಳಗೆ ಅವನ ಕೈಬರಹ:

ವೈರು ಇದೆಕೋ ಪಿನ್ನು ಇದೆಕೋ
ಚಂಡವ್ಯಾಘ್ರನೆ ನೀನಿದೆಲ್ಲವ...

ಎರಡನೇ ಅಕ್ಷರದ ಪ್ರಾಸ ತಪ್ಪಿತ್ತು. ಮೂರು-ನಾಲ್ಕರ ನಡೆ ಮಾತ್ರ ಸರಿಯಾಗಿತ್ತು, ಬೆರಳಲ್ಲಿ ಎಣಿಸಿ ನೋಡಿದೆ. ಅಷ್ಟು ದಿನ ನಾನು ಪುಣ್ಯಕೋಟಿಯ ಪಾರ್ಟಿಯವಳು ಅಂದುಕೊಂಡಿದ್ದೆ. ಹುಲಿ ಯಾರು ಅಂತ ಆವತ್ತು ಗೊತ್ತಾಯಿತು.